ತಪ್ಪು ನಂದಾ, ರೈಫಲ್‌ದಾ?

ಕಳೆದ ವರ್ಷ ಮಳೆಗಾಲದ ಒಂದು ಭಾನುವಾರ. ಪುಣೆಯಿಂದ ವಾಪಸ್ ಬರುವಾಗ ರೈಲು ಕರ್ಜತ್ ದಾಟುವವರೆಗೂ ಮಗಳು ಮಾತೇ ಆಡಲಿಲ್ಲ. ಕಲ್ಯಾಣ ಹತ್ತಿರ ಬಂದಾಗ ಒಂದೇ ಮಾತು ಕೇಳಿದಳು. "ಅಪ್ಪಾ, ತಪ್ಪು ನಂದಾ, ರೈಫಲ್‌ದಾ? ಅದು ಗೊತ್ತಾಗವು ನಂಗೆ."

ಅವಳು ಶೂಟಿಂಗ್ ಶುರು ಮಾಡಿದ್ದು ಒಂಬತ್ತನೇ ಕ್ಲಾಸಿನಲ್ಲಿ. ನಮ್ಮ ಕಡೆಯವರಿಗೆ ಇದರಲ್ಲಿ ಒಂದು ಅಭಿಮಾನದ ಸಂಗತಿಯೂ ಇದೆ ನೋಡಿ. ನವಿ ಮುಂಬಯಿಯ ಪನ್ವೇಲಿನಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ ಕಟ್ಟಿದ ಸುಮಾ ಶಿರೂರ್ ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ. 2004ರ ಏಷ್ಯನ್ ಚಾಂಪಿಯನ್‌ಶಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದವರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸಿನ ಫೈನಲ್ ತಲುಪಿದವರು. ಅವರ ಬಗ್ಗೆ ಪೇಪರಿನಲ್ಲಿ ಓದಿ ಮಗಳು ಹಟ ಹಿಡಿದಳು, ನಾನು ಹೂಂ ಅಂದೆ.

ಅದು 10 ಮೀಟರ್ ಏರ್ ರೈಫಲ್. ಗಾಳಿಯ ಒತ್ತಡದಿಂದ ಹಾರುವ ಸಣ್ಣ ಸೀಸದ ಗುಂಡು, ಲೈಸೆನ್ಸಿನ ರಗಳೆ ಇಲ್ಲ. ಆಮೇಲೆ ಅವಳ ಮನಸ್ಸು 50 ಮೀಟರ್ ಕಡೆ ವಾಲಿತು. ಮಂಡಿಯೂರಿ, ಮಲಗಿ, ನಿಂತು, ಒಂದೊಂದರಲ್ಲಿ 20ರಂತೆ ಒಟ್ಟು 60 ಗುಂಡು. 2024ರ ಆಗಸ್ಟ್ 1ರಂದು ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದದ್ದು ಇದರಲ್ಲೇ. ಆಗ ಅವರು ನಮ್ಮ ಸೆಂಟ್ರಲ್ ರೈಲ್ವೆಯ ಟಿಸಿ! ಮರುದಿನ 8.12ರ ಲೋಕಲಿನಲ್ಲಿ ಬೇರೆ ಮಾತೇ ಇರಲಿಲ್ಲ.

ಇದಕ್ಕೆ ಬೇಕಾದ್ದು ಪಾಯಿಂಟ್ ಟೂ-ಟೂ ರಿಮ್‌ಫೈರ್ ರೈಫಲ್. ಕ್ಲಬ್ಬಿನ ರೈಫಲ್ ಹತ್ತಾರು ಮಕ್ಕಳ ಕೈ ದಾಟಿದ್ದು. ಇವತ್ತು ಒಬ್ಬ ಉದ್ದ ಕತ್ತಿನ ಹುಡುಗ ತನಗೆ ಬೇಕಾದಂತೆ ತಿರುಪು ತಿರುಗಿಸಿರುತ್ತಾನೆ, ನಾಳೆ ಇವಳು ಮೊದಲಿನಿಂದ ಹೊಂದಿಸಬೇಕು. ಸ್ಕೋರು ಎರಡು ವರ್ಷದಿಂದ 560ರ ಆಸುಪಾಸಿನಲ್ಲೇ ನಿಂತಿತ್ತು. ಡಿಗ್ರಿ ಮುಗಿದಿದೆ, 21 ತುಂಬಿದೆ. ಇನ್ನೊಂದು ವರ್ಷ ನೋಡುವುದು, ಇಲ್ಲವಾದರೆ ಬ್ಯಾಂಕ್ ಪರೀಕ್ಷೆಗೆ ಕೂರುವುದು ಅಂತ ಮನೆಯಲ್ಲಿ ಒಪ್ಪಂದವಾಗಿತ್ತು. ಹಾಗಾಗಿ ರೈಲಿನಲ್ಲಿ ಅವಳು ಕೇಳಿದ ಪ್ರಶ್ನೆ ಬರೀ ರೈಫಲಿನದ್ದಲ್ಲ.

ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದಳು, "ತಮಾ, ಕೂಸಿಗೆ ಕೋವಿ ಎಂತಕ್ಕೆ? ಡೊಂಬಿವಲಿಲೂ ಮಂಗನ ಕಾಟ ಇದ್ದ?"

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಒಂದು ಕೋವಿ ಇತ್ತು. ಪ್ರತಿ ಚುನಾವಣೆಗೂ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ತರುವುದು ಅಪ್ಪನ ಕೆಲಸ. ಗುರಿ ತಪ್ಪಿದಾಗಲೆಲ್ಲ ಅಪ್ಪನದ್ದು ಒಂದೇ ಮಾತು, "ಕೋವಿನೇ ಸರಿ ಇಲ್ಲೆ." ಅದು ನಿಜವೋ ಸುಳ್ಳೋ ಕೊನೆಗೂ ತಿಳಿಯಲಿಲ್ಲ. ಮಂಗಗಳು ಶಬ್ದಕ್ಕೇ ಓಡುತ್ತಿದ್ದವು, ಅಷ್ಟು ಸಾಕಿತ್ತು.

ಇಲ್ಲಿ ಅಷ್ಟು ಸಾಲದು. 50 ಮೀಟರ್ ದೂರದ ಕಾಗದದಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್, ಸುಮಾರಾಗಿ ಶರ್ಟಿನ ಗುಂಡಿಯಷ್ಟು. ಗುಂಡಿನ ಅಗಲವೇ 5.6.

ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವನು ನಾನು. ಹೆಸರು, ಕಾಗದ, ಬೆಲೆ ನೋಡಿ ತೀರ್ಮಾನಿಸುವುದು ಅಭ್ಯಾಸ. ರಾತ್ರಿ ಕೂತು ಪಟ್ಟಿ ಮಾಡಿದೆ: ಆನ್ಶುಟ್ಸ್, ವಾಲ್ಥರ್, ಫೈನ್‌ವರ್ಕ್‌ಬಾವ್. ಎಲ್ಲ ಜರ್ಮನಿಯವು, ಎಲ್ಲ ಲಕ್ಷಗಳ ಲೆಕ್ಕ. ಊರ ಮನೆಯ ಮಾಡು ಹೊಸದಾಗಿ ಹೊದೆಸಲು ಇಟ್ಟಿದ್ದ ಎಫ್‌ಡಿ ಒಂದಿತ್ತು. ಅದನ್ನು ಪೂರ್ತಿ ಮುರಿದರೆ ಹೊಸದೊಂದು ಬರುತ್ತದೆ ಅಂತ ಲೆಕ್ಕ ಹಾಕಿ ಕೋಚ್ ಮುಂದೆ ಹಿಡಿದೆ. ಅವರು ನಕ್ಕು, "ಸಾಹೇಬರೇ, ರೈಫಲ್ ಆಮೇಲೆ ಕೊಳ್ಳಿ. ಮೊದಲು ತೋಟಾ ಅರ್ಥ ಮಾಡ್ಕೊಳ್ಳಿ" ಅಂದರು.

ಅವರು ಹೇಳಿದ್ದು ಇಷ್ಟು. ದೊಡ್ಡ ಬಂದೂಕಿನ ತೋಟಾಕ್ಕೆ ಕಿಡಿ ಹೊತ್ತಿಸುವ ಮದ್ದು ತಳದ ನಡುವೆ ಒಂದು ಪುಟ್ಟ ಬಟ್ಟಲಲ್ಲಿರುತ್ತದೆ. ರಿಮ್‌ಫೈರ್‌ನಲ್ಲಿ ಅದು ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ. ಪಿನ್ನು ಹೊಡೆಯುವುದು ಆ ಅಂಚಿಗೆ. ಮದ್ದು ಎಲ್ಲ ತೋಟಾದಲ್ಲೂ ಒಂದೇ ಸಮ ಹರಡಿರದಿದ್ದರೆ ಗುಂಡಿನ ವೇಗ ಹೆಚ್ಚು ಕಡಿಮೆ. ಸ್ಪರ್ಧೆಯ ಗುಂಡು ಹೊರಡುವುದು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ. ಶಬ್ದದ ವೇಗಕ್ಕಿಂತ ಬೇಕೆಂದೇ ತುಸು ಕಡಿಮೆ ಇಟ್ಟಿರುತ್ತಾರೆ, ಆ ಗಡಿ ದಾಟಿ ಹಿಂದೆ ಇಳಿಯುವಾಗ ಗುಂಡು ಅಲುಗುತ್ತದೆಂದು. ವೇಗ ತಪ್ಪಿದರೆ 50 ಮೀಟರಿನಲ್ಲಿ ಒಂದು ಮೇಲೆ, ಒಂದು ಕೆಳಗೆ. ಬಳಸಿದ ತೋಟಾಕ್ಕೆ ಮನೆಯಲ್ಲಿ ಮತ್ತೆ ಮದ್ದು ತುಂಬಿ ಸರಿಮಾಡಿಕೊಳ್ಳುವ ಹಾಗೂ ಇಲ್ಲ. ಕಾರ್ಖಾನೆ ಕೊಟ್ಟದ್ದೇ ಪ್ರಸಾದ. ಆದ್ದರಿಂದಲೇ ದೊಡ್ಡ ಶೂಟರುಗಳು ಬ್ರ್ಯಾಂಡಿಗಿಂತ ಡಬ್ಬಿ ಮೇಲಿನ ಬ್ಯಾಚ್ ನಂಬರ್ ನೋಡುತ್ತಾರೆ. ಏಲಿ, ಲಾಪುವಾದಂಥ ಕಂಪನಿಗಳು ಶೂಟರ್ ತಂದ ರೈಫಲಿನಲ್ಲೇ ಬ್ಯಾಚುಗಳನ್ನು ಹೊಡೆದು ತೋರಿಸುವ ರೇಂಜುಗಳನ್ನೇ ಇಟ್ಟಿವೆ.

ಠಾಣೆ ಪೊಲೀಸ್ ಕಮಿಷನರ್ ಕಚೇರಿಯ ಅರ್ಜಿ, ಪೊಲೀಸ್ ವಿಚಾರಣೆ, ಬೀರು ತೋರಿಸುವುದು, ಇವೆಲ್ಲ ಮುಗಿದು ಮಗಳ ಹೆಸರಿಗೆ ಲೈಸೆನ್ಸ್ ಬಂತು. ಒಂದು ಶನಿವಾರ ಕಲ್ಯಾಣದಲ್ಲಿ ಇಂದ್ರಾಯಣಿ ಹತ್ತಿ ಮತ್ತೆ ಪುಣೆಗೆ ಹೋದೆವು. ನೋಡಲು ಎರಡು ರೈಫಲ್ ಇದ್ದವು. ಒಂದು ಹೆಚ್ಚುಕಡಿಮೆ ಹೊಸತು, ಅಲ್ಯೂಮಿನಿಯಂ ಮೈ, ಥಳಥಳ. ಇನ್ನೊಂದು ಆಟ ಬಿಟ್ಟ ಒಬ್ಬ ಶೂಟರದ್ದು, ಹಳೇ ಆನ್ಶುಟ್ಸ್. ಮರದ ಹಿಡಿ ಬೆವರಿಗೆ ಕಪ್ಪಾಗಿತ್ತು. ಬೆಲೆ ಅರ್ಧಕ್ಕೂ ಕಡಿಮೆ.

ಕೋಚ್ ಎರಡನ್ನೂ ಮರಳ ಚೀಲದ ಮೇಲಿಟ್ಟು ಹತ್ತತ್ತು ಗುಂಡು ಹೊಡೆದರು. ಮೊದಲು ದುಬಾರಿ ಡಬ್ಬಿ. ಹೊಸ ರೈಫಲಿನ ತೂತುಗಳು ಒಂದು ರೂಪಾಯಿ ನಾಣ್ಯದಷ್ಟು ಚೆದುರಿದವು. ಹಳೆಯದರಲ್ಲಿ ಎಲ್ಲ ಒಂದರ ಮೇಲೊಂದು ಬಿದ್ದು ಹೆಬ್ಬೆರಳ ಉಗುರಿನಷ್ಟು ಹರುಕು. ನಾನು ಆಗಲೇ ಮನಸ್ಸಿನಲ್ಲಿ ತೀರ್ಪು ಬರೆದಿದ್ದೆ. ಆದರೆ ಅವರು ಡಬ್ಬಿ ಬದಲಿಸಿದರು. ಈ ಸಲ ಹೊಸದು ಅಚ್ಚುಕಟ್ಟು, ಹಳೆಯದರದ್ದು ಒಂದೆರಡು ಹೊರಗೆ! "ನೋಡಿದ್ರಲ್ಲ? ನಿಖರವಾದ ರೈಫಲ್ ಅಂತ ಬೇರೆ ಏನೂ ಇಲ್ಲ. ಈ ನಳಿಗೆಗೆ ಈ ಬ್ಯಾಚ್ ಹೊಂದುತ್ತಾ ಅನ್ನೋದಷ್ಟೇ" ಅಂದರು.

ಹಾಗಾದರೆ ಆರಿಸುವುದು ಹೇಗೆ? ಮಗಳಿಗೆ ಕಣ್ಣು ಮುಚ್ಚಿ ಭುಜಕ್ಕೇರಿಸು ಅಂದರು. ಕೆನ್ನೆ ಇಟ್ಟು, ಉಸಿರು ಬಿಟ್ಟು, ಕಣ್ಣು ತೆರೆದಾಗ ಹಿಂದಿನ ಸಣ್ಣ ತೂತು, ಮುಂದಿನ ಬಳೆ, ಗುರಿ ಮೂರೂ ತಾವಾಗಿಯೇ ಒಂದೇ ಸಾಲಿಗೆ ಬರಬೇಕು. ಹೊಸದರಲ್ಲಿ ಕೆನ್ನೆಪಟ್ಟಿಯನ್ನು ಎಷ್ಟು ಇಳಿಸಿದರೂ ಇವಳು ಕತ್ತು ಚಾಚಬೇಕಾಯಿತು. ಹಳೆಯದರಲ್ಲಿ ಮೂರು ತಿರುಪು ತಿರುಗಿಸಿದ್ದೇ, "ಹಾಂ, ಕಾಣ್ತಾ ಇದ್ದು" ಅಂದಳು.

ಹಳೆಯದೇ ಆಯಿತು. ಡೀಲರ್ ಮೂಲಕ ಕಾಗದಪತ್ರ ಮಾಡಿಸಿದೆವು. ಉಳಿದ ಹಣದಲ್ಲಿ ಒಂದು ಪಾಲು ಅದಕ್ಕೆ ಹೊಂದಿದ ಬ್ಯಾಚಿನ ತೋಟಾಕ್ಕೆ, ಲೈಸೆನ್ಸಿನಲ್ಲಿ ಬರೆದ ಮಿತಿಯೊಳಗೆ. ರೈಫಲ್ ಒಂದು ಸಲದ ಬಂಡವಾಳ, ತೋಟಾ ಪ್ರತಿ ತಿಂಗಳ ಖರ್ಚು. ಬಿಕಾಂ ಓದಿದ ನಾನು ಪಟ್ಟಿ ಮಾಡುವಾಗ ಎರಡನೆಯದನ್ನೇ ಮರೆತಿದ್ದೆ! ಊರಿನ ಮಾಡಿಗೆ ಅರ್ಧ ದುಡ್ಡು ಉಳಿಯಿತು, ಉಳಿದರ್ಧ ಬೋನಸ್ಸಿನಲ್ಲಿ ಆದೀತು.

ತಿಂಗಳ ನಂತರದ ಮಾತು. ನಿಂತು ಹೊಡೆಯುವ ಸುತ್ತು, ನಾನು ಹಿಂದೆ ಕುರ್ಚಿಯಲ್ಲಿ. ಹತ್ತು, ಹತ್ತು, ಆಮೇಲೆ ಬಲಕ್ಕೆ ಕೆಳಗೆ ಒಂದು ಎಂಟು. ಮೊದಲಾದರೆ ರೈಫಲ್ ತಿರುಗಿಸಿ ನೋಡಿ ಗೊಣಗುತ್ತಿದ್ದಳು. ಈಗ ಕೆಳಗಿಳಿಸಿ, ನನ್ನ ಕಡೆ ತಿರುಗಿ ನಕ್ಕಳು.

"ಇದು ನಂದೇ ತಪ್ಪು ಅಪ್ಪಾ. ಉಸಿರು ಬಿಡಲೆ ಮರ್ತಿದ್ದಿ."

ಸ್ಕೋರು ಇನ್ನೂ 570 ಮುಟ್ಟಿಲ್ಲ. ಒಪ್ಪಂದದ ವರ್ಷದಲ್ಲಿ ನಾಲ್ಕು ತಿಂಗಳು ಬಾಕಿ ಇದೆ. ಬ್ಯಾಂಕ್ ಪರೀಕ್ಷೆಯ ಪುಸ್ತಕ ತಂದಿಟ್ಟಿದ್ದೇನೆ, ಇನ್ನೂ ಬಿಚ್ಚಿಲ್ಲ. ಆದರೆ ನಮ್ಮ ಮನೆಯಲ್ಲಿ "ಕೋವಿನೇ ಸರಿ ಇಲ್ಲೆ" ಅನ್ನುವ ಮಾತು ಅಪ್ಪನ ಕಾಲಕ್ಕೇ ಮುಗಿಯಿತು. ಅಷ್ಟು ಮಟ್ಟಿಗೆ ದುಡ್ಡು ದಂಡವಾಗಲಿಲ್ಲ ಅಂದುಕೊಂಡಿದ್ದೇನೆ. ನೀವೇನಂತೀರಿ?