ಸುರ್ಮಾದ ಹೆಸರು ಸೆರೆಗೆ ಹೇಗೆ ಬಂತು?

ಕಲಬುರಗಿ, ಬಂದೇ ನವಾಜ್ ದರ್ಗಾದ ಹಾದಿ. ಅತ್ತರು, ಟೋಪಿ, ಜಪಮಣಿಗಳ ನಡುವೆ ಸುರ್ಮಾದ ಪುಟ್ಟ ಸೀಸೆಗಳು. ಅಂಗಡಿಯವರು ಕಡ್ಡಿ ಅದ್ದಿ ನನ್ನ ಹೆಬ್ಬೆರಳಿಗೆ ತೀಡಿದರು. ಬೂದುಗಪ್ಪು ಬಣ್ಣ, ಒಳಗೊಳಗೇ ಮಿಣುಕು. ಎಷ್ಟು ಉಜ್ಜಿದರೂ ಒಂದು ಹರಳೂ ಬೆರಳಿಗೆ ತಾಗದು. "ಅರಬ್ಬಿದಾಗ ಇದಕ್ಕ ಕೊಹಲ್ ಅಂತಾರ್ರಿ" ಅಂದರು. ಹಿಂದೆ ಒಂದು 'ಅಲ್' ಸೇರಿಸಿದರೆ ಅಲ್-ಕೊಹಲ್. ಕಣ್ಣಿನ ಪುಡಿಗೂ ಬಾಟಲಿಗೂ ಏನು ಸಂಬಂಧ?

ಮೊಬೈಲಿಗೆ ಬಂದ ಸಂದೇಶವೊಂದು ಬೇರೆಯೇ ಹೇಳುತ್ತದೆ: ಆಲ್ಕೋಹಾಲ್ ಎಂದರೆ ದೇಹ ತಿನ್ನುವ ಪಿಶಾಚಿ, ಅರಬ್ಬಿಯ 'ಘೂಲ್'. ಕುಡಿತಕ್ಕೆ ಮನೆ ಕಳಕೊಂಡವರನ್ನು ಕಂಡವರು ಇದನ್ನು ನಂಬಿದರೆ ಆಶ್ಚರ್ಯವಿಲ್ಲ. ಕುರಾನಿನ 37ನೇ ಅಧ್ಯಾಯದ 'ಘೌಲ್' ಎಂಬ ಪದವನ್ನು ತೋರಿಸುವವರೂ ಇದ್ದಾರೆ. ಸ್ವರ್ಗದ ಪಾನೀಯದಲ್ಲಿ ಆ ಕೆಡುಕು ಇಲ್ಲ ಎಂದು ಅಲ್ಲಿದೆ. ಆದರೆ 1543ರ ಒಂದು ಇಂಗ್ಲಿಷ್ ವೈದ್ಯಗ್ರಂಥದಲ್ಲಿ ಆಲ್ಕೋಹಾಲ್ ಅಂದರೆ ಬಲು ನುಣುಪಾದ ಪುಡಿ, ಅಷ್ಟೇ. ಪಿಶಾಚಿಯಿಂದ ಹೊರಟ ಪದ ಪುಡಿಯಾದದ್ದು ಹೇಗೆಂದು ಆ ಸಂದೇಶ ಹೇಳುವುದಿಲ್ಲ.

ಕಮಲಾಪುರ. ರಸ್ತೆ ಬದಿ ಕೆಂಪು ಬಾಳೆಯ ಗೊನೆಗಳು. ಪರಿಚಯದ ಮನೆಯಲ್ಲಿ ಬಾಣಂತಿ. ಅಜ್ಜಿ ಕೂಸಿಗೆ ಕಾಡಿಗೆ ಹಿಡಿಯುತ್ತಿದ್ದರು. ಎರಡು ಇಟ್ಟಂಗಿಗಳ ನಡುವೆ ಔಡಲೆಣ್ಣೆಯ ದೀಪ, ಮೇಲೆ ಬೋರಲು ಹಾಕಿದ ತಾಮ್ರದ ತಟ್ಟೆ. ತಟ್ಟೆಯ ಕರಿಯನ್ನು ಚಾಕುವಿನಿಂದ ಕೆರೆದು ಹನಿ ತುಪ್ಪದಲ್ಲಿ ಕಲೆಸಿದರು. "ನೋಡು ಯಪ್ಪಾ, ಹಗುರದ್ದು ಮ್ಯಾಲ ಹೋಗಿ ಕುಂದರತದ, ಜಿಡ್ಡು ಕೆಳಗ ಉಳೀತದ."

ನನ್ನ ಗಂಟು ಸಡಿಲಾಗಿದ್ದು ಈ ಮಾತಿನಿಂದ. ಯುರೋಪಿನ ರಸವಾದಿಗಳಿಗೂ ಬೇಕಾದದ್ದು ಆ ಹಗುರದ್ದೇ. ಅರೆದು ಪಡೆದ ನುಣುಪು ಪುಡಿಯಾಗಲಿ, ಕಾಯಿಸಿ ಮೇಲೇರಿಸಿ ಹಿಡಿದ ಸಾರವಾಗಲಿ, ಎರಡಕ್ಕೂ ಅವರು ಒಂದೇ ಹೆಸರಿಟ್ಟರು. 16ನೇ ಶತಮಾನದಲ್ಲಿ ಅವರಲ್ಲೊಬ್ಬನಾದ ಪ್ಯಾರಾಸೆಲ್ಸಸ್ ಭಟ್ಟಿ ಇಳಿಸಿದ ದ್ರಾಕ್ಷಿ ಮದ್ಯವನ್ನು 'ಮದ್ಯದ ಆಲ್ಕೋಹಾಲ್' ಎಂದ. 18ನೇ ಶತಮಾನದ ಹೊತ್ತಿಗೆ 'ಮದ್ಯದ' ಉದುರಿ, ಆಲ್ಕೋಹಾಲ್ ಮಾತ್ರ ಉಳಿಯಿತು. ಇಂದಿನ ಅರಬ್ಬಿಯಲ್ಲಿ ಮದ್ಯಸಾರಕ್ಕೆ 'ಕುಹೂಲ್' ಎನ್ನುತ್ತಾರೆ. ಹೋದ ಪದ ಹೊಸ ಅರ್ಥ ಹೊತ್ತು ತವರಿಗೆ ಬಂದಿದೆ.

ಮರೆಯದೆ ಬರೆದುಕೊಂಡದ್ದು: ಹಳೆಯ ಕೊಹಲ್ ಹೆಚ್ಚಾಗಿ ಆಂಟಿಮನಿ ಅದಿರು ಎನ್ನುತ್ತಾರೆ, ಆದರೆ ಈಗ ಮಾರುವ ಎಷ್ಟೋ ಸುರ್ಮಾಗಳಲ್ಲಿ ಸೀಸದ ಅದಿರು ಇರುತ್ತದೆ. ಕೂಸುಗಳ ಕಣ್ಣಿಗೆ ಅದನ್ನು ಹಚ್ಚಲೇಬಾರದು.

ಇನ್ನೊಂದು ಪುಡಿ ಕಾಡುತ್ತಿದೆ. ಈಚಲು ಮರದ ನಿಜವಾದ ಸೇಂದಿ ತಾನಾಗಿ ಹುಳಿಯುತ್ತದೆ, ಅದಕ್ಕೆ ಯಾರ ಕೈಯೂ ಬೇಡ. ರಾಯಚೂರು, ಕಲಬುರಗಿ ಭಾಗದಲ್ಲಿ ಪೊಲೀಸರು ಮತ್ತೆ ಮತ್ತೆ ಹಿಡಿಯುವುದು ಕಲಬೆರಕೆ ಸೇಂದಿ: ನೀರಿಗೆ ಸಿ.ಎಚ್. ಪೌಡರ್ ಬೆರೆಸಿದ್ದು. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್, 1869ರಿಂದ ವೈದ್ಯರು ನಿದ್ದೆಗೆ ಕೊಡುತ್ತಿದ್ದ ಔಷಧ. ಕುಡಿದವರಿಗೆ ಇದು ಸೇಂದಿಯ ಅಮಲೆನಿಸುತ್ತದೆ. ಬಿಟ್ಟರೆ ಕೈ ನಡುಕ, ಭ್ರಮೆ. ಕೂಲಿಯವರ ದುಡಿಮೆ, ದೇಹ ಎರಡೂ ಈ ಪುಡಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕ್ಲೋರಲ್ ಹೆಸರನ್ನೂ ಬಿಡಿಸಿ ನೋಡಿದೆ. 1832ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಮದ್ಯಸಾರದೊಳಗೆ ಕ್ಲೋರಿನ್ ಹಾಯಿಸಿ ಅದನ್ನು ಪಡೆದ. ಕ್ಲೋರಿನ್‌ನ 'ಕ್ಲೋರ್', ಆಲ್ಕೋಹಾಲ್‌ನ 'ಅಲ್' ಜೋಡಿಸಿ ಹೆಸರಿಟ್ಟ. ದರ್ಗಾದ ಅಂಗಡಿಯಲ್ಲಿ ಕೊಹಲ್‌ಗೆ ನಾನು ಸೇರಿಸಿಕೊಂಡ 'ಅಲ್' ಅದೇ.