ಹೊರಗಿನ ಹೆಸರು, ಒಳಗಿನ ಕೈ

ಬೀದರ್ ನಗರದವರಿಗೆ ವಿಮಾನವೆಂಬುದು ಸೋಜಿಗದ ವಸ್ತುವಲ್ಲ. ವಾಯುಪಡೆಯ ತರಬೇತಿ ನೆಲೆ ಊರಿಗೆ ಅಂಟಿಕೊಂಡಿರುವುದರಿಂದ, ಪಾಠ ಹೇಳುತ್ತಿರುವ ಮೇಷ್ಟರು ವಾಕ್ಯದ ನಡುವೆ ನಿಂತು, ಸದ್ದು ದಾಟಿಹೋದ ಮೇಲೆ ಕ್ರಿಯಾಪದವನ್ನು ಸೇರಿಸುವುದು ಅಲ್ಲಿಯ ರೂಢಿಯೇ ಆಗಿದೆ. 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿದ್ದು ಈ ನೆಲೆಯಲ್ಲಿಯೇ. ಅದರ ಕೆಂಪು ಬಿಳುಪಿನ ವಿಮಾನಗಳನ್ನು ಭಾಲ್ಕಿಯ ತೊಗರಿ ಹೊಲಗಳಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ ಲೆಕ್ಕವಿಲ್ಲ. 2020ರ ಫೆಬ್ರುವರಿಯಲ್ಲಿ ಇಲ್ಲಿ ನಾಗರಿಕ ನಿಲ್ದಾಣ ತೆರೆದಾಗ, ಅಂದಿನವರೆಗೆ ನೋಡುವವರಾಗಿದ್ದವರು ಕೂರುವವರೂ ಆದರು.

ನೋಡುವವನಿಗೆ ಕುತೂಹಲ ಸಾಕು. ಕೂರುವವನಿಗೆ ನಂಬಿಕೆ ಬೇಕು. ದೇವಣಿ ಎತ್ತನ್ನು ಕೊಳ್ಳಹೊರಟ ಔರಾದಿನ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲೆ ಹಣದ ಚೀಲ ಬಿಚ್ಚುತ್ತಾನೆ. ಅದೇ ರೈತ ವಿಮಾನದ ಮೆಟ್ಟಿಲೇರುವಾಗ ಏನನ್ನು ಪರೀಕ್ಷಿಸಬಲ್ಲ? ಅದರ ಮೈಮೇಲೆ ಬಣ್ಣದಲ್ಲಿ ಬರೆದ ಹೆಸರನ್ನು ಮಾತ್ರ. ಆದರೆ ಹೆಸರು ಒಬ್ಬರದು, ವಿಮಾನ ಬಾಡಿಗೆಗೆ ತಂದದ್ದು, ಎಂಜಿನ್ ಬಿಚ್ಚುವ ಕಾರ್ಖಾನೆ ಮತ್ತೊಬ್ಬರದು, ಅಲ್ಲಿ ಸ್ಪ್ಯಾನರ್ ಹಿಡಿದ ಕೆಲಸಗಾರ ಇನ್ನೊಬ್ಬ ಗುತ್ತಿಗೆದಾರ ಕಳುಹಿಸಿದವನು, ಹೀಗೂ ಇರುವುದುಂಟು.

ಕೆಲಸವನ್ನು ಹೊರಗೆ ಕೊಡುವುದೇ ಅಪರಾಧವೆಂದಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ಸೇನಾವಿಮಾನಗಳನ್ನು ಬಿಚ್ಚಿ, ಸರಿಪಡಿಸಿ, ಕಟ್ಟಿ ಕಳುಹಿಸಿತು. ಬೀದರಿನ ಬಿದರಿ ಪಾತ್ರೆಯೂ ಹಲವು ಕೈಗಳ ಕೂಸೇ. ಸತು ತಾಮ್ರಗಳ ಎರಕ ಹೊಯ್ಯುವವನು ಒಬ್ಬ, ಚಿತ್ತಾರ ಕೊರೆಯುವವನು ಒಬ್ಬ, ಬೆಳ್ಳಿಯ ತಂತಿ ಕೂರಿಸುವವನು ಮತ್ತೊಬ್ಬ. ಕೊನೆಗೆ ಕೋಟೆಯ ಮಣ್ಣಿನಲ್ಲಿ ಕಪ್ಪಾಗಿಸುವವನು ಇನ್ನೊಬ್ಬ. ಆದರೂ ಪಾತ್ರೆ ಕೆಡದು. ಏಕೆಂದರೆ ಮುಂದಿನವನು ಹಿಂದಿನವನ ತಪ್ಪನ್ನು ಕಣ್ಣಾರೆ ಕಾಣುತ್ತಾನೆ. ಕೊರೆದ ಗೆರೆ ಆಳ ಸಾಲದಿದ್ದರೆ ತಂತಿ ಕೂರುವುದೇ ಇಲ್ಲ. ವಿಮಾನದಲ್ಲಿ ಹಾಗಲ್ಲ. ಒಳಗಿನ ಕೆಲಸ ಮುಗಿದೊಡನೆ ಮುಚ್ಚಳ ಬಿಗಿಯಲಾಗುತ್ತದೆ. ಮುಂದಿನವನ ಕೈಗೆ ಬರುವುದು ಕಾಗದ, ಕಾಗದದ ಮೇಲೊಂದು ಸಹಿ.

ಆ ಸಹಿ ಸುಳ್ಳಾದರೆ ಏನಾಗುವುದೆಂಬುದನ್ನು ಅಮೆರಿಕ ಬಲು ಬೆಲೆ ತೆತ್ತು ಕಲಿಯಿತು. 1996ರ ಮೇ 11ರಂದು ವ್ಯಾಲ್ಯೂಜೆಟ್ ಸಂಸ್ಥೆಯ ವಿಮಾನವೊಂದು ಮಯಾಮಿಯಿಂದ ಹೊರಟು ಹತ್ತು ನಿಮಿಷಗಳಲ್ಲಿ ಜೌಗಿಗೆ ಬಿದ್ದಿತು. 110 ಮಂದಿ ಮಡಿದರು. ಅದರ ಸರಕಿನ ಕೋಣೆಯಲ್ಲಿದ್ದವು, ಅವಧಿ ಮುಗಿದ ಆಮ್ಲಜನಕ ಉತ್ಪಾದಕಗಳು. ಗುತ್ತಿಗೆಯ ದುರಸ್ತಿ ಸಂಸ್ಥೆ ಅವನ್ನು ಬಿಚ್ಚಿದಾಗ ಒಂದೊಂದಕ್ಕೂ ಚಿಕ್ಕ ಪ್ಲಾಸ್ಟಿಕ್ ಟೋಪಿ ತೊಡಿಸಬೇಕಿತ್ತು. ಟೋಪಿಗಳು ಕೈಗೆಟುಕುವಲ್ಲಿ ಇರಲಿಲ್ಲ. ತೊಡಿಸಿದ್ದೇವೆಂಬ ಸಹಿ ಮಾತ್ರ ಬಿದ್ದಿತು. ಪೆಟ್ಟಿಗೆಗಳ ಕಾಗದದಲ್ಲಿ ‘ಖಾಲಿ’ ಎಂದು ಬರೆಯಲಾಯಿತು. ಖಾಲಿಯಲ್ಲದ ಪೆಟ್ಟಿಗೆ ಆಕಾಶದಲ್ಲಿ ಹೊತ್ತಿಕೊಂಡಿತು. ತನಿಖೆ ಗುತ್ತಿಗೆದಾರನನ್ನಷ್ಟೇ ದೂರಲಿಲ್ಲ. ಅವನ ಕೆಲಸವನ್ನು ನೋಡಿಕೊಳ್ಳದ ವಿಮಾನಸಂಸ್ಥೆಯನ್ನೂ ಸರಕಾರದ ಮೇಲ್ವಿಚಾರಣೆಯನ್ನೂ ದೂರಿತು.

2003ರ ಜನವರಿ 8ರಂದು ಷಾರ್ಲಟ್ ನಗರದಲ್ಲಿ ಏರ್ ಮಿಡ್‌ವೆಸ್ಟ್ ಸಂಸ್ಥೆಯ ಸಣ್ಣ ವಿಮಾನ ಬಿದ್ದು 21 ಜನ ಸತ್ತರು. ಸಂಸ್ಥೆ ದುರಸ್ತಿಯನ್ನು ಒಬ್ಬರಿಗೆ ವಹಿಸಿತ್ತು. ಅವರು ಕೆಲಸಗಾರರನ್ನು ಇನ್ನೊಬ್ಬರಿಂದ ಪಡೆದಿದ್ದರು. ವಿಮಾನದ ಮೂತಿಯನ್ನು ಏರಿಳಿಸುವ ಬಾಲದ ತಂತಿಯನ್ನು ಬಿಗಿಮಾಡಿದ ಮೆಕ್ಯಾನಿಕ್‌ಗೆ ಆ ಜಾತಿಯ ವಿಮಾನದಲ್ಲಿ ಅದು ಮೊದಲ ಸಲದ ಕೆಲಸ. ಕಲಿಸಲು ನಿಂತವನೇ ಪರೀಕ್ಷಕ. ನಡುವಿನ ಕೆಲವು ಹಂತಗಳನ್ನು ಬಿಟ್ಟರೂ ಸಾಗುತ್ತದೆ ಎಂದವನೂ ಅವನೇ. ಹೊರೆಯ ಲೆಕ್ಕವೂ ತಪ್ಪಿದ್ದ ಆ ದಿನ, ಮೂತಿಯನ್ನು ಇಳಿಸಬೇಕಾದ ತಂತಿ ಕೈಕೊಟ್ಟಿತು. ಎರಡು ವರ್ಷಗಳ ಮೇಲೆ, 2005ರಲ್ಲಿ, ಸತ್ತವರ ಮನೆಯವರ ಮುಂದೆ ಬಹಿರಂಗವಾಗಿ ಕ್ಷಮೆ ಬೇಡಿದ್ದು ವಿಮಾನಸಂಸ್ಥೆ. ಕೆಲಸ ಎಷ್ಟು ಕೈ ದಾಟಿದರೂ ಕ್ಷಮೆಯನ್ನು ಗುತ್ತಿಗೆಗೆ ಕೊಡಲು ಬಾರದು.

ಇಷ್ಟು ದೂರದ ಕಥೆ ಬೀದರ್ ಜಿಲ್ಲೆಗೇಕೆ ಎನ್ನಬಹುದು. ಭಾರತದ ವಿಮಾನಸಂಸ್ಥೆಗಳು ಬಹುಕಾಲ ದೊಡ್ಡ ದುರಸ್ತಿಗಳಿಗೆ ಪರದೇಶವನ್ನೇ ನಂಬಿದ್ದವು. ಆ ಕೆಲಸವನ್ನು ಸ್ವದೇಶಕ್ಕೆ ತರುವ ಉದ್ದೇಶದಿಂದ 2020ರಲ್ಲಿ ದುರಸ್ತಿ ಸೇವೆಯ ಮೇಲಿನ ತೆರಿಗೆಯನ್ನು ಶೇಕಡಾ 18ರಿಂದ 5ಕ್ಕೆ ಇಳಿಸಲಾಯಿತು. ಕೆಲಸ ಬಂದಂತೆ ಕೈಗಳೂ ಬೇಕಾಗುತ್ತವೆ. ಭಾಲ್ಕಿ, ಔರಾದುಗಳ ಹುಡುಗರೂ ಆ ಕೈಗಳಾಗಬಲ್ಲರು.

ಅವರಿಗೆ ಹಿತನುಡಿ ಹೇಳಲು ಭಾಲ್ಕಿಯಲ್ಲಿಯೇ ಒಂದು ದೃಷ್ಟಾಂತವಿದೆ. ನಿಜಾಮರ ಆಳಿಕೆಯಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಆ ಸೀಮೆಯ ಮನೆಮಾತು. ಅಲ್ಲಿಯೂ ಹೊರಗಿನ ಹೆಸರು ಬೇರೆ, ಒಳಗಿನ ಕೆಲಸ ಬೇರೆ. ಆದರೆ ಎರಡಕ್ಕೂ ಉತ್ತರ ಹೇಳಲು ಒಬ್ಬರು ನಿಂತಿದ್ದರು. ಒಳಗಿನ ಪಾಠ ಫಲಕಕ್ಕಿಂತ ನಿಜವಾಗಿತ್ತು.

ವಿಮಾನದ ಕೆಲಸಕ್ಕೂ ಬೇಕಾದದ್ದು ಅಷ್ಟೇ. ನಡುರಾತ್ರಿಯ ಹ್ಯಾಂಗರಿನಲ್ಲಿ, ಬೆಳಗಿನ ಹಾರಾಟಕ್ಕೆ ಹೊತ್ತಾಗುತ್ತಿರುವಾಗ, ಸಹಿ ಹಾಕುವ ಮುನ್ನ ದೀಪ ಹಿಡಿದು ಇನ್ನೊಮ್ಮೆ ಬಗ್ಗಿ ನೋಡುವುದು. ಹಾಗೆ ನೋಡಲು ಹಿಡಿಯುವ ಕಾಲು ಗಂಟೆಯ ಕೂಲಿಯನ್ನು, ವಿಮಾನದ ಮೈಮೇಲೆ ಹೆಸರು ಬರೆಸಿಕೊಂಡವರು ಮುಖ ಗಂಟಿಕ್ಕದೆ ಕೊಡುವುದು.