ಕಜಕರ ಎದೆ, ನಮ್ಮ ಸೊಂಟ

ಭೂಗೋಳ ಪಾಠದಲ್ಲಿ ಸ್ಟೆಪಿ ಹುಲ್ಲುಗಾವಲು ಬಂದಾಗ ನಾವು ಮೇಷ್ಟ್ರುಗಳು ಕಪ್ಪುಹಲಗೆಯ ಮೇಲೆ ಒಂದು ಕುದುರೆ, ಒಂದು ಗುಡಾರ ಬರೆಯುತ್ತೇವೆ. ಆ ಗುಡಾರದವರೇ ಕಜಕರು. ಕಜಕಿಸ್ತಾನ ಅವರದೇ ದೇಶ. ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದಲ್ಲೂ ಸುಮಾರು 15 ಲಕ್ಷ ಮಂದಿ ಇದ್ದಾರೆ. ಗಡಿಯ ಎರಡೂ ಬದಿಗೆ ಹಂಚಿಹೋದ ಜನ ಎಂದಮೇಲೆ ಗಡಿನಾಡಿನವರಾದ ನಮಗೆ ಅವರ ಮೇಲೆ ಮಮತೆ ಸ್ವಲ್ಪ ಜಾಸ್ತಿಯೇ!

ಅವರ ಊಟ ಕುರಿ ಮತ್ತು ಕುದುರೆಯ ಮಾಂಸ, ಕುದುರೆ ಹಾಲನ್ನು ಹುಳಿ ಬರಿಸಿದ ಕುಮಿಸ್, ಉಪ್ಪು ಹಾಕಿದ ಹಾಲಿನ ಚಹಾ. ಕೊರೆಯುವ ಚಳಿಯಲ್ಲಿ ದನಕರು ಕಾಯುವವನಿಗೆ ಆ ಕೊಬ್ಬು ಬೇಕೇ ಬೇಕಿತ್ತು. ಆದರೆ 1930ರ ದಶಕದ ಆರಂಭದಲ್ಲಿ ಸೋವಿಯತ್ ಸರಕಾರ ಈ ಅಲೆಮಾರಿಗಳನ್ನು ಬಲವಂತವಾಗಿ ಸಾಮೂಹಿಕ ಕೃಷಿಗೆ ಕೂರಿಸಿತು. ಆಗಿನ ಕ್ಷಾಮದಲ್ಲಿ 10 ಲಕ್ಷಕ್ಕೂ ಹೆಚ್ಚು ಕಜಕರು ಸತ್ತರು. ಉಳಿದವರು ಒಂದೆಡೆ ನೆಲೆನಿಂತರು. ಅಲೆದಾಟ ನಿಂತಿತು, ಊಟದ ರೂಢಿ ಉಳಿಯಿತು.

ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುವುದು ಒಂದು ಕಾಯಿಲೆಯನ್ನಲ್ಲ, ಐದು ಲಕ್ಷಣಗಳ ಕೂಟವನ್ನು. ದಪ್ಪ ಸೊಂಟ, 130/85 ಮುಟ್ಟಿದ ಬಿಪಿ, ಬರಿಹೊಟ್ಟೆಯಲ್ಲಿ 100 ಮುಟ್ಟಿದ ಶುಗರ್, 150 ಮುಟ್ಟಿದ ಟ್ರೈಗ್ಲಿಸರೈಡ್, ಕಡಿಮೆಯಾದ ಒಳ್ಳೆಯ ಕೊಲೆಸ್ಟರಾಲ್. ಐದರಲ್ಲಿ ಮೂರಿದ್ದರೆ ಹೃದ್ರೋಗದ ಅಪಾಯ ಹೆಚ್ಚು. ಶಿನ್‌ಜಿಯಾಂಗಿನ ಕಜಕರಲ್ಲಂತೂ ಬಿಪಿಯ ಕಾಟ ಬಹಳ.

ಹಾಗಾದರೆ ಯಾರಿಗೆ ಹೃದಯಾಘಾತ ಆದೀತೆಂದು ಮುಂಚೆಯೇ ಹೇಳಬಹುದೇ? ಹೇಳಬಹುದು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ 5,209 ಜನರನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದು ಒಂದು ಲೆಕ್ಕ ಮಾಡಿದರು. ವಯಸ್ಸು, ಬಿಪಿ, ಕೊಲೆಸ್ಟರಾಲ್, ಸಿಗರೇಟು, ಶುಗರ್ ಕೊಟ್ಟರೆ ಮುಂದಿನ ಹತ್ತು ವರ್ಷದ ಅಪಾಯ ಶೇಕಡಾ ಎಷ್ಟೆಂದು ಅದು ಹೇಳುತ್ತದೆ. ಆದರೆ ಆ ಜನರೆಲ್ಲ ಹೆಚ್ಚುಕಡಿಮೆ ಬಿಳಿಯರು. ಅದೇ ಲೆಕ್ಕವನ್ನು ಚೀನೀಯರಿಗೆ ಹಾಕಿದಾಗ ಅಪಾಯವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆಂದು 2004ರಲ್ಲಿ ಪ್ರಕಟವಾಯಿತು. ಕಜಕರ ಮೈಕಟ್ಟು, ಊಟ, ಹವೆ ಇವೆರಡಕ್ಕಿಂತಲೂ ಬೇರೆ. ಅದಕ್ಕೇ ಶಿನ್‌ಜಿಯಾಂಗಿನ ಸಂಶೋಧಕರು ಕಜಕ್ ಹಳ್ಳಿಗಳಿಗೇ ಹೋಗಿ ಸೊಂಟ, ಬಿಪಿ, ರಕ್ತ ಪರೀಕ್ಷಿಸಿ ಅವರಿಗೆ ಹೊಂದುವ ಲೆಕ್ಕ ಹುಡುಕುತ್ತಿದ್ದಾರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಲೋಕವನ್ನು 21 ಪ್ರದೇಶಗಳಾಗಿ ವಿಂಗಡಿಸಿ ಒಂದೊಂದಕ್ಕೂ ಬೇರೆ ಬೇರೆ ಅಪಾಯದ ಪಟ್ಟಿ ಕೊಟ್ಟಿತು.

ಇದರಲ್ಲಿ ನಮಗೇನು ಎನ್ನುವಿರಾ? ನಮ್ಮ ಜೊತೆಗಿದ್ದ ಮಾಷ್ಟ್ರೊಬ್ಬರು ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಹೃದಯಾಘಾತದಿಂದ ಹೋದರು. ದಪ್ಪಗಿನ ಆಸಾಮಿಯೇನಲ್ಲ. ಕೈಕಾಲು ಸಪೂರ, ಅಂಗಿಯೊಳಗೆ ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. "ನನ್ನ ತೂಕ ಸರಿಯಾಗಿಯೇ ಉಂಟು ಮಾರಾಯ್ರೆ" ಎನ್ನುತ್ತಿದ್ದರು. ಯುರೋಪಿನ ಗಂಡಸಿಗೆ ಸೊಂಟದ ಮಿತಿ 94 ಸೆಂಟಿಮೀಟರ್. ದಕ್ಷಿಣ ಏಷ್ಯಾದವರಾದ ನಮಗೆ 90, ಹೆಂಗಸರಿಗೆ 80. ಕಡಿಮೆ ತೂಕದಲ್ಲೇ ನಮ್ಮ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ. ತಕ್ಕಡಿ ಹೇಳದ್ದನ್ನು ಟೇಪು ಹೇಳುತ್ತದೆ.

ಕಳೆದ ತಿಂಗಳು ಹೊಲಿಗೆ ಟೀಚರ ಟೇಪು ತಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಅಳೆದುಕೊಂಡೆವು. ನಗು, ತಮಾಷೆ, ಉಸಿರು ಒಳಗೆಳೆದುಕೊಳ್ಳುವ ಕಳ್ಳಾಟ! ಉಸಿರು ಬಿಟ್ಟ ಮೇಲೆ ಕೆಲವರು ಸುಮ್ಮನಾದರು. ಆ ಶನಿವಾರ ಐದು ಮಂದಿ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿಪಿ, ಶುಗರ್ ನೋಡಿಸಿ ಬಂದರು. ಇಬ್ಬರಿಗೆ ಮಾತ್ರೆ ಶುರುವಾಗಿದೆ.

ಕಜಕರನ್ನು ಅಳೆಯಲು ಅವರ ಊರಿಗೇ ಹೋಗಬೇಕಾಯಿತು. ನಮಗಂತೂ ಟೇಪು ಶಾಲೆಯಲ್ಲೇ ಉಂಟು. ನಿಮ್ಮ ಶಾಲೆಯಲ್ಲಿಯೂ ಇರಬೇಕಲ್ಲ?